ನನ್ನ ಮಗನಿಗೂ 75 ಉಂಟು

ಊರಿನ ನಮ್ಮದೇ ಒಂದು ಸಂಸ್ಥೆಯ ಸ್ಕಾಲರ್‌ಶಿಪ್ ಫಾರ್ಮ್ ಈ ವರ್ಷ ನಾನೂ ತುಂಬಿಸಿದೆ. ಅದರಲ್ಲಿ ಒಂದು ಕಾಲಂ: ಪಡೆದ ಅಂಕ, ಕನಿಷ್ಠ ಶೇ. 75. ನನ್ನ ಮೋನುವಿಗೂ 75 ಉಂಟು. ಆದರೆ ಅದಿರುವುದು ಮಾರ್ಕ್ಸ್ ಕಾರ್ಡಿನಲ್ಲಲ್ಲ, ಸರಕಾರ ಕೊಟ್ಟ ಯುಡಿಐಡಿ ಕಾರ್ಡಿನಲ್ಲಿ. ಶೇ. 75 ಬೌದ್ಧಿಕ ಅಂಗವೈಕಲ್ಯ ಎಂದು.

ಫಾರ್ಮ್ ಕಳಿಸಿದ ನಾಲ್ಕನೇ ದಿನ ಕಮಿಟಿಯವರೊಬ್ಬರು ಫೋನ್ ಮಾಡಿದರು. "ಕಾಕಾ, ಬೇಜಾರು ಮಾಡ್ಬೇಡಿ. ಅವನು ಕಲಿತು ಎಂತ ಮಾಡ್ಲಿಕ್ಕುಂಟು? ಬೇಕಾದ್ರೆ ಒಂದು ರೇಶನ್ ಕಿಟ್ ಕಳಿಸುವ." ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಕೆಟ್ಟವರಾಗಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ.

ನಾವು ವಿಟ್ಲದ ಕಡೆಯವರು. ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ, ಡಿ.ಬಿ. ರೋಡಿನ ಒಂದು ಅಡ್ಡರಸ್ತೆಯಲ್ಲಿ ನನಗೆ ಸಣ್ಣ ಅಂಗಡಿ. ಮೋನುವಿಗೆ ಈಗ ಇಪ್ಪತ್ತು. ಮನೆಯಲ್ಲಿ ಬ್ಯಾರಿ ಮಾತಾಡುತ್ತಾನೆ, ರಸ್ತೆಯಲ್ಲಿ ತಮಿಳು. ವಿಶೇಷ ಶಾಲೆಯಲ್ಲಿ ಕಲಿತು, ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ 'ಸಿ' ಹಂತ ಮುಗಿಸಿದ. ಅದು ಎಂಟನೇ ಕ್ಲಾಸಿಗೆ ಸಮ. ಅವನಿಗೆ ಬೇಕರಿ ಕೆಲಸವೆಂದರೆ ಜೀವ. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಒಂದು ವರ್ಷದ ಬೇಕರಿ ಕೋರ್ಸ್ ಉಂಟು. ಸೀಟು ಕೊಟ್ಟರು, ಆದರೆ ಒಂದು ಷರತ್ತು: "ಜೊತೆಗೆ ನಿಮ್ಮದೇ ಒಬ್ಬರನ್ನು ಕೂರಿಸಬೇಕು."

ಲೆಕ್ಕ ಕೇಳಿ. ಕೋರ್ಸಿನ ಫೀಸು 40,000. ಜೊತೆಗಿದ್ದು ಅಳತೆ, ಸಮಯ, ಓವನ್ನಿನ ಬಿಸಿ ಹೇಳಿಕೊಡುವವರಿಗೆ ತಿಂಗಳಿಗೆ 12,000ದಂತೆ ಹತ್ತು ತಿಂಗಳಿಗೆ 1,20,000. ಆಟೋಗೆ ತಿಂಗಳಿಗೆ 4,000ದಂತೆ 40,000. ಒಟ್ಟು ಎರಡು ಲಕ್ಷ. ಇದರಲ್ಲಿ 'ಫೀಸು' ಎಂದು ರಶೀದಿ ಸಿಗುವುದು ಐದರಲ್ಲಿ ಒಂದು ಪಾಲಿಗೆ ಮಾತ್ರ. ಸ್ಕಾಲರ್‌ಶಿಪ್ ಕೊಡುವ ಎಲ್ಲರೂ ಕೇಳುವುದು ಆ ಒಂದು ರಶೀದಿಯನ್ನೇ.

ಸರಕಾರ ಇಲ್ಲವೇ ಎನ್ನುತ್ತೀರಿ. ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಎನ್ನುತ್ತದೆ. ಹದಿನೆಂಟಾದ ಮೇಲೆ? ಸರಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು. ಆದರೆ ಡಿಗ್ರಿಯ ಸೀಟಿನ ಹತ್ತಿರ ಹೋಗಲಿಕ್ಕೆ ಹನ್ನೆರಡನೇ ಕ್ಲಾಸು ಪಾಸಾಗಬೇಕು. ಕೇಂದ್ರದ ಸ್ಕಾಲರ್‌ಶಿಪ್‌ನ ಹೆಸರೇ ಪೋಸ್ಟ್ ಮೆಟ್ರಿಕ್. ಮೆಟ್ರಿಕ್ ಆಗದವನಿಗೆ ಹೆಸರಲ್ಲೇ ಬಾಗಿಲು ಹಾಕಿದೆ. ನಿರಾಮಯ ವಿಮೆ ಒಂದು ಲಕ್ಷದವರೆಗೆ ಕೊಡುತ್ತದೆ, ಆದರೆ ಚಿಕಿತ್ಸೆಗೆ. ತಮಿಳುನಾಡು ಸರಕಾರ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ, ಅದು ಪೋಷಣೆಗೆ. ಅವನನ್ನು ಗುಣಪಡಿಸಲಿಕ್ಕೆ ಹಣ ಉಂಟು, ಸಾಕಲಿಕ್ಕೆ ಹಣ ಉಂಟು. ಕಲಿಸಲಿಕ್ಕೆ ಮಾತ್ರ ಇಲ್ಲ.

ಬೇರೆ ಕಡೆಯೂ ಹೀಗೆಯೇ ಎಂದು ಭಾವಿಸಬೇಡಿ. ಅಮೆರಿಕದಲ್ಲಿ 2008ರಲ್ಲಿ ಉನ್ನತ ಶಿಕ್ಷಣದ ಕಾನೂನು ಬದಲಿಸಿದರು. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಮಾನ್ಯತೆ ಪಡೆದ ಕೋರ್ಸುಗಳಿಗೆ ಸೇರಿದರೆ, ಹೈಸ್ಕೂಲ್ ಡಿಪ್ಲೊಮಾ ಇಲ್ಲದಿದ್ದರೂ, ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಅವರಿಗೂ ಸಿಗುತ್ತದೆ. ಅದು ಸಾಲವಲ್ಲ, ತಿರುಗಿ ಕೊಡಬೇಕಾಗಿಲ್ಲ. ಅಲ್ಲಿನವರು ಮಾರ್ಕಿನ ನಿಯಮವನ್ನು ಮುರಿಯಲಿಲ್ಲ, ಇವರನ್ನು ಅಳೆಯಲಿಕ್ಕೆ ಅದು ಸರಿಯಾದ ಕೋಲಲ್ಲ ಎಂದು ಒಪ್ಪಿಕೊಂಡರು, ಅಷ್ಟೆ.

ನಮ್ಮವರ ವಾದ ನನಗೆ ಗೊತ್ತುಂಟು. ಹಣ ಕಡಿಮೆ, ಒಬ್ಬ ಡಾಕ್ಟರಾದರೆ ನೂರು ಮಂದಿಗೆ ಉಪಕಾರ. ಸರಿ. ಆದರೆ ನಾವು ಕಲಿಸಿದ ಎಷ್ಟು ಮಂದಿ ಊರಿಗೆ ತಿರುಗಿ ಬಂದಿದ್ದಾರೆ? ಶೇ. 90 ತೆಗೆದ ಹುಡುಗನಿಗೆ ಬ್ಯಾಂಕ್ ಸಾಲ ಕೊಡುತ್ತದೆ, ಸರಕಾರ ಕೊಡುತ್ತದೆ, ಮಾವ ಕೂಡ ಕೊಡುತ್ತಾನೆ. ನನ್ನ ಮಗನಿಗೆ ಯಾರು ಕೊಡುತ್ತಾರೆ? ಬೇರೆ ನಾಲ್ಕು ಬಾಗಿಲು ಇರುವವನಿಗೆ ಐದನೆಯದನ್ನು ತೆರೆಯುವುದು ಬಹುಮಾನ. ಒಂದೂ ಇಲ್ಲದವನಿಗೆ ಒಂದು ತೆರೆಯುವುದೇ ಸಹಾಯ.

ಅವನು ನಾಳೆ ಸ್ವಂತ ಬೇಕರಿ ಇಡುತ್ತಾನೆ ಎಂದು ನಾನು ಹೇಳುವುದಿಲ್ಲ. ಒಂದು ಬೇಕರಿಯಲ್ಲಿ ಹಿಟ್ಟು ತೂಗಿ, ಟ್ರೇ ಜೋಡಿಸಿ, ದಿನಕ್ಕೆ ಮುನ್ನೂರು ರೂಪಾಯಿ ತಂದರೆ ನನಗೆ ಸಾಕು. ಅವನು ಹುಟ್ಟಿದ ಮೇಲೆ ಅವನ ಉಮ್ಮ ಒಂದು ಮದುವೆಗೂ ಪೂರ್ತಿ ದಿನ ಕೂತವಳಲ್ಲ. ನಾವಿಬ್ಬರೂ ಹೋದ ಮೇಲೆ ಅವನ ಕೈ ಹಿಡಿಯುವುದು ರೇಶನ್ ಕಿಟ್ ಅಲ್ಲ, ಅವನಿಗೆ ಬರುವ ಒಂದು ಕೆಲಸ.

ಹಾಗಾಗಿ ಕಮಿಟಿಯವರಲ್ಲಿ ನನ್ನದು ಮೂರು ಮಾತು. ಯುಡಿಐಡಿ ಕಾರ್ಡ್ ಇರುವವರ ಫಾರ್ಮಿನಿಂದ ಅಂಕದ ಕಾಲಂ ತೆಗೆಯಿರಿ. ಜೊತೆಗಿರುವವರ ಸಂಬಳವನ್ನೂ ಆಟೋ ಬಾಡಿಗೆಯನ್ನೂ ಫೀಸು ಎಂದೇ ಲೆಕ್ಕ ಹಾಕಿ. ಕಾಲೇಜು ಕಟ್ಟಿದ ನಮ್ಮ ಶ್ರೀಮಂತರೇ, ನಿಮ್ಮ ಒಂದೊಂದು ಕಾಲೇಜಿನಲ್ಲಿ ಇಂಥ ಹತ್ತು ಮಕ್ಕಳಿಗೆ ಒಂದು ಕ್ಲಾಸ್‌ರೂಮ್, ಒಬ್ಬ ತರಬೇತಾದ ಟೀಚರ್ ಕೊಡಿ. ಹತ್ತು ಮನೆಯವರು ಹತ್ತು ಜನರನ್ನು ಇಡುವುದಕ್ಕಿಂತ ಅದು ಎಷ್ಟೋ ಅಗ್ಗ.

ಮೋನುವನ್ನು ನಾನು ಕೋರ್ಸಿಗೆ ಸೇರಿಸಿಯಾಯಿತು, ಉಮ್ಮನ ಬಳೆ ಅಡವಿಟ್ಟು. ಆದ್ದರಿಂದ ಇದು ನನ್ನ ಮಗನಿಗಾಗಿ ಕೇಳುತ್ತಿರುವುದಲ್ಲ. ಅಡವಿಡಲು ಬಳೆ ಇಲ್ಲದ ಮನೆಗಳು ನಮ್ಮಲ್ಲಿ ಎಷ್ಟು ಉಂಟು ಎಂದು ನಿಮಗೂ ಗೊತ್ತು. ಮುಂದಿನ ವರ್ಷದ ಫಾರ್ಮ್ ಅಚ್ಚಿಗೆ ಹೋಗುವ ಮೊದಲು ಅವರನ್ನು ಒಮ್ಮೆ ನೆನೆಯಿರಿ.