ಗಂಟೆಗೆ ಬಾಡಿಗೆಯ ಬಯಲು

ನಡುವಯಸ್ಸಿನವರು ಆಡುವುದೆಂದರೆ ಕೇರಂ ಇಲ್ಲವೆ ಇಸ್ಪೀಟು, ಬೆವರಿಳಿಸುವ ಆಟವೇನಿದ್ದರೂ ಹುಡುಗರಿಗೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬೆಂಗಳೂರಿನಲ್ಲಿ ಅದು ಇತ್ತೀಚೆಗೆ ಸಡಿಲಗೊಳ್ಳುತ್ತಿದೆ. ರಾತ್ರಿ ಒಂಬತ್ತರ ಮೇಲೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಹೋದವರು ಕಟ್ಟಡಗಳ ಸಂದಿನಲ್ಲಿ ಬಲೆ ಕಟ್ಟಿ ದೀಪ ಹೊತ್ತಿಸಿದ ಹಸಿರು ಅಂಕಣಗಳನ್ನು ಕಾಣುವರು. ಕಚೇರಿ ಮುಗಿಸಿ ಬಂದ ಲೆಕ್ಕಿಗರು, ವೈದ್ಯರು, ತಂತ್ರಜ್ಞರು ಅಲ್ಲಿ ಐದೈದು ಮಂದಿಯ ತಂಡ ಕಟ್ಟಿಕೊಂಡು ಕಾಲ್ಚೆಂಡು ಆಡುತ್ತಾರೆ. ಪಂದ್ಯಪಟ್ಟಿ, ಅಂಕಗಳು, ತೀರ್ಪುಗಾರ ಎಲ್ಲವೂ ಉಳ್ಳ ಹವ್ಯಾಸಿ ಲೀಗುಗಳಿವು.

ನಲವತ್ತೆರಡನೆಯ ವಯಸ್ಸಿನಲ್ಲಿ ನಾನೂ ಇಂಥದೊಂದು ಲೀಗಿಗೆ ಸೇರಿದೆ. ಅಲ್ಲಿ ನನ್ನ ಊರು, ಜಾತಿ, ಸಂಬಳಗಳನ್ನು ಯಾರೂ ವಿಚಾರಿಸಲಿಲ್ಲ. ಎಡಗಾಲೋ ಬಲಗಾಲೋ, ಗುರುವಾರ ತಪ್ಪದೆ ಬರುವಿರೋ, ಇವೆರಡೇ ಪ್ರಶ್ನೆಗಳು. ನಮ್ಮ ತಂಡದಲ್ಲಿ ಹುಬ್ಬಳ್ಳಿಯವರೊಬ್ಬರು, ಮಲಯಾಳಿಗಳಿಬ್ಬರು, ಮಣಿಪುರದ ತರುಣನೊಬ್ಬ. ಆರು ವರ್ಷಗಳಿಂದ ವಾಸವಿರುವ ಕಟ್ಟಡದಲ್ಲಿ ಎದುರು ಮನೆಯವರ ಹೆಸರು ನನಗೆ ತಿಳಿಯದು. ಮೂರು ವಾರದಲ್ಲಿ ಈ ಅಪರಿಚಿತರಲ್ಲಿ ಯಾರಿಗೆ ಮಂಡಿನೋವು, ಯಾರಿಗೆ ಮುಂಗೋಪ ಎಂಬುದೆಲ್ಲ ತಿಳಿಯಿತು. ದೊಡ್ಡ ನಗರದಲ್ಲಿ ಒಂಟಿಯಾದವನಿಗೆ ಇದು ಸಣ್ಣ ಲಾಭವಲ್ಲ.

ಆದರೆ ಈ ಸ್ನೇಹಕ್ಕೂ ಬೆಲೆಯುಂಟು. ನಾವು ಆಡುವ ಅಂಕಣಕ್ಕೆ ಗಂಟೆಗೆ 1,500 ರೂಪಾಯಿ ಬಾಡಿಗೆ. ಎರಡು ತಂಡದ ಹತ್ತು ಮಂದಿ ಹಂಚಿಕೊಂಡರೆ ತಲೆಗೆ 150. ವಾರಕ್ಕೆರಡು ಬಾರಿಯೆಂದರೆ ತಿಂಗಳಿಗೆ 1,200 ರೂಪಾಯಿ. ನಮಗೆ ಅದು ಹೋಟೆಲಿನ ಖರ್ಚಿಗೆ ಸಮ. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಮನೆಯ ದಿನಸಿ. ಬಲೆ ದಾಟಿ ಬಂದ ಚೆಂಡನ್ನು ಅವನು ಒದ್ದು ಹಿಂತಿರುಗಿಸುವ ಪರಿ ನೋಡಿದರೆ, ಒಳಗಿನ ಹತ್ತು ಮಂದಿಗಿಂತ ಅವನೇ ಮೇಲು ಎನಿಸುತ್ತದೆ. ಅವನಿಗೆ ಇಲ್ಲಿ ಜಾಗವಿಲ್ಲ.

ಬೆಂಗಳೂರಿನ ಕಾಲ್ಚೆಂಡಾಟ ಬಾಡಿಗೆಯ ಬಯಲಿನಲ್ಲಿ ಬೆಳೆದದ್ದಲ್ಲ. ದಂಡಿನ ಬಡಾವಣೆಗಳಾದ ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಬಡವರ ಮಕ್ಕಳು ಅದನ್ನು ಬೆಳೆಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹಮದ್ ಖಾನ್ ಈ ಊರಿನವರೇ. 1946–47ರಲ್ಲಿ ಸಂತೋಷ್ ಟ್ರೋಫಿ ಮೈಸೂರಿಗೆ ಬಂದಿತು. 1968–69ರ ಗೆಲುವಿನ ಬಳಿಕ ಅದು ನಮ್ಮ ರಾಜ್ಯಕ್ಕೆ ಮರಳಿದ್ದು 2023ರಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಗೌತಮಪುರದ ಬೀದಿಯಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ.

ಹಾಗೆಂದು ಟರ್ಫಿನ ಮಾಲೀಕರನ್ನು ದೂರುವುದು ನ್ಯಾಯವಲ್ಲ. ಅವರು ದೀಪ, ಶೌಚಾಲಯ, ಭದ್ರತೆ ಒದಗಿಸಿದ್ದಾರೆ. ಕಚೇರಿ ಬಿಟ್ಟು ಬಂದ ಹೆಣ್ಣುಮಕ್ಕಳು ರಾತ್ರಿ ಹತ್ತಕ್ಕೂ ನಿರ್ಭಯವಾಗಿ ಆಡುವುದು ಇದರಿಂದಲೇ. ಆದರೆ ಬಾಡಿಗೆಯ ಬಯಲು ಶಾಶ್ವತವಲ್ಲ. ಖಾಲಿ ನಿವೇಶನಕ್ಕೆ ಹೆಚ್ಚಿನ ಬೆಲೆ ಬಂದ ದಿನ ಅಲ್ಲಿ ಕಟ್ಟಡ ಏಳುತ್ತದೆ, ಲೀಗು ಚದುರುತ್ತದೆ.

ಆದ್ದರಿಂದ ಪ್ರಶ್ನೆ ಇರುವುದು ಸಾರ್ವಜನಿಕ ನೆಲದ ಬಗ್ಗೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಒಂದು ಪೂರ್ಣ ಮೈದಾನದ ವಿಸ್ತೀರ್ಣ, 40 ಮೀಟರಿಗೆ 20 ಮೀಟರಿನ ಸುಮಾರು ಒಂಬತ್ತು ಅಂಕಣಗಳಿಗೆ ಸಮ. ಲಂಡನ್ನಿನ ಹ್ಯಾಕ್ನಿ ಮಾರ್ಷಸ್‌ನಲ್ಲಿ ಎರಡನೆಯ ಮಹಾಯುದ್ಧದ ಬಾಂಬಿಗೆ ಉರುಳಿದ ಮನೆಗಳ ಕಲ್ಲುಮಣ್ಣು ಸುರಿದ ನೆಲದಲ್ಲಿ ಆಟದ ಬಯಲುಗಳನ್ನು ಮಾಡಿದರು. ಸಾರ್ವಜನಿಕ ಸ್ವತ್ತಾದ ಆ ನೆಲ ಭಾನುವಾರದ ಹವ್ಯಾಸಿ ಲೀಗುಗಳ ತವರಾಯಿತು. ಧ್ವಂಸವಾದ ನಗರಕ್ಕೆ ಸಾಧ್ಯವಾದದ್ದು ಬೆಳೆಯುವ ನಗರಕ್ಕೆ ಏಕೆ ಅಸಾಧ್ಯ?

ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದು ನಮ್ಮಲ್ಲಿ 1985ರ ಕಾಯಿದೆಯೇ ಇದೆ. 2025ರಲ್ಲಿ ಬೆಂಗಳೂರಿನ ಆಡಳಿತವನ್ನು ಐದು ನಗರಪಾಲಿಕೆಗಳಿಗೆ ಹಂಚಲಾಯಿತು. ಈ ಐದರಲ್ಲಿ ಪ್ರತಿಯೊಂದೂ ತನ್ನ ಒಂದೆರಡು ಮೈದಾನಗಳಿಗೆ ದೀಪ ಮತ್ತು ಶೌಚಾಲಯ ಕಟ್ಟಿಸಿ, ಸಂಜೆಯವರೆಗೆ ಮಕ್ಕಳಿಗೆ, ಅನಂತರ ದುಡಿದು ಬಂದ ಹಿರಿಯರಿಗೆ ಅಲ್ಪ ಶುಲ್ಕಕ್ಕೆ ಬಿಟ್ಟುಕೊಡಲಿ. ಅದಕ್ಕೆ ಹೊಸ ಭೂಮಿ ಬೇಡ, ಇರುವುದರ ಗಂಟೆಗಳ ಲೆಕ್ಕ ಸಾಕು. ಹಣ ತೆತ್ತವರಷ್ಟೇ ಆಡಬಲ್ಲ ನಗರದಲ್ಲಿ ಕಾಲ್ಚೆಂಡು ಉಳಿದೀತು. ಅದು ಬೆಸೆಯಬಲ್ಲ ಜನ ಮಾತ್ರ ಬಲೆಯ ಎರಡು ಕಡೆಗಳಲ್ಲಿ ನಿಂತಿರುತ್ತಾರೆ.