ಕೋಟೆಯ ಟಿಕೆಟಿನ ಜೊತೆ ಊರನ್ನೂ ತೋರಿಸಿ

ಬೇಕಲ ಕೋಟೆಗೆ ಬರುವ ಸಾಧಾರಣ ಪ್ರವಾಸಿಗರ ದಿನಚರಿ ಕಾಸರಗೋಡಿನವರಿಗೆ ಬಾಯಿಪಾಠ. ಬೆಳಿಗ್ಗೆ ಮಂಗಳೂರಿನಿಂದ ಹೊರಡುತ್ತಾರೆ. ಕೋಟೆಯ ಬಾಗಿಲಲ್ಲಿ ಟಿಕೆಟು ತೆಗೆದುಕೊಂಡು, ವೀಕ್ಷಣಾ ಗೋಪುರ ಹತ್ತಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು, ಒಂದು ಬೊಂಡ ಕುಡಿದು, ಸಂಜೆಗೆ ಪುನಃ ಮಂಗಳೂರು. ಊಟ ಅಲ್ಲಿ, ನಿದ್ದೆ ಅಲ್ಲಿ, ಮನೆಗೆ ಕೊಂಡುಹೋಗುವ ಸೀರೆ ಮತ್ತು ತಿಂಡಿಯ ಕಟ್ಟೂ ಅಲ್ಲಿಂದಲೇ. ಹಾಗಾದರೆ ಕಾಸರಗೋಡಿಗೆ ಸಿಕ್ಕಿದ್ದೆಂತ? ಬೊಂಡದ ದುಡ್ಡು ಮತ್ತು ವಾಹನ ನಿಲುಗಡೆಯ ಚೀಟಿ.

ಇದಕ್ಕೆ ಪ್ರವಾಸಿಗರನ್ನು ದೂರಿ ಫಲವಿಲ್ಲ. ಕೋಟೆಯ ಹೊರತು ಇಲ್ಲಿ ಬೇರೇನಾದರೂ ಉಂಟು ಎಂದು ಅವರಿಗೆ ಹೇಳಿದವರಾರು? ಹೇಳಿದರೂ, ಒಂದೊಂದನ್ನೂ ವಿಳಾಸ ಹುಡುಕಿ, ವಾಹನ ಗೊತ್ತು ಮಾಡಿ, ಸಮಯ ವಿಚಾರಿಸಿ ನೋಡುವ ತಾಳ್ಮೆ ರಜೆಯಲ್ಲಿ ಬಂದವರಿಗೆ ಎಲ್ಲಿಂದ ಬರಬೇಕು?

ಬೇಕಲಕ್ಕೆ ಸರಕಾರ ಗಮನ ಕೊಟ್ಟಿಲ್ಲ ಎನ್ನುವಂತಿಲ್ಲ. 1992ರಲ್ಲಿ ಕೇಂದ್ರ ಸರಕಾರ ಅದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಕೇರಳ ಸರಕಾರ ಅದಕ್ಕೆಂದೇ ಒಂದು ನಿಗಮವನ್ನು ಹುಟ್ಟುಹಾಕಿತು. ಅನಂತರ ದೊಡ್ಡ ಹೆಸರಿನ ರೆಸಾರ್ಟುಗಳೂ ಬಂದವು. ಆದರೆ ರೆಸಾರ್ಟಿಗೆ ಬಂದವರು ಆವರಣದೊಳಗೇ ಉಳಿಯುತ್ತಾರೆ, ಆವರಣದ ಹೊರಗಿನವರು ಒಂದೇ ದಿನದಲ್ಲಿ ಮರಳುತ್ತಾರೆ. ನಡುವಿನ ಊರು, ಅದರಲ್ಲೂ ಚಂದ್ರಗಿರಿ ಹೊಳೆಯಿಂದ ಬಡಗಿಗೆ ಇರುವ ಕನ್ನಡಿಗರ ಊರು, ಎರಡೂ ಲೆಕ್ಕದಿಂದ ಹೊರಗೆ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಈಗ ಆರು ಪಥವಾಗಿದೆ. ಸಂತೋಷ. ಆದರೆ ರಸ್ತೆ ಅಗಲವಾದಷ್ಟೂ ದಾಟಿ ಹೋಗುವವರ ವೇಗ ಹೆಚ್ಚುತ್ತದೆ, ಇಳಿದು ನೋಡುವವರ ಸಂಖ್ಯೆ ಹೆಚ್ಚುವುದಿಲ್ಲ.

ನಮ್ಮಲ್ಲಿ ಏನುಂಟು ಎಂದು ಒಮ್ಮೆ ಎಣಿಸಿ ನೋಡೋಣ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ನೆನಪಿನ ಗಿಳಿವಿಂಡು. ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಅದರ ಪಕ್ಕದಲ್ಲೇ ಕೆರೆಯ ನಡುವಿನ ಅನಂತಪುರ ದೇವಸ್ಥಾನ. ಅಲ್ಲಿನ ಬಬಿಯಾ ಮೊಸಳೆ 2022ರಲ್ಲಿ ಸತ್ತಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಮಧೂರಿನ ಮದನಂತೇಶ್ವರ ದೇವಸ್ಥಾನ ಗಜಪೃಷ್ಠ ಆಕಾರದ್ದು. 2025ರಲ್ಲಿ ಅಲ್ಲಿ ನಡೆದ ಮೂಡಪ್ಪ ಸೇವೆಗೆ ಗಡಿಯ ಎರಡೂ ಕಡೆಯ ಜನ ಹರಿದು ಬಂದರು. ವಿದೇಶಗಳಲ್ಲೂ ಆಡಿ ಬಂದ ಯಕ್ಷಗಾನ ಬೊಂಬೆಯಾಟ ಇಲ್ಲಿಯದು. ಭೌಗೋಳಿಕ ಗುರುತು ಪಡೆದ ಕಾಸರಗೋಡು ಸೀರೆ ಇಲ್ಲಿಯ ಕೈಮಗ್ಗದ್ದು. ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದ ಸುರಂಗಗಳನ್ನು ನೋಡಿದ ಹೊರಗಿನವರು ಬೆರಗಾಗುತ್ತಾರೆ. ನಮಗೆ ಅವು ತೋಟದ ಮೂಲೆಯ ಸಾಮಾನ್ಯ ಸಂಗತಿ. ಇನ್ನು ಬೇಕಲ ಕೋಟೆಯೇ ಕೆಳದಿಯ ಶಿವಪ್ಪನಾಯಕನ ಕಾಲದ್ದು, ಸುಮಾರು 1650ರದ್ದು.

ಸಾಮಾನೆಲ್ಲ ಉಂಟು. ಕಟ್ಟು ಕಟ್ಟಿದವರಿಲ್ಲ. ಪ್ಯಾಕೇಜ್ ಎಂಬ ಮಾತನ್ನು ಕೇಳಿದ ಕೂಡಲೇ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ, ಅದು ವ್ಯಾಪಾರಿಗಳ ಉಪಾಯ ಅಂತ. ಉಪಾಯ ಹೌದು, ಆದರೆ ಮೋಸದ್ದೇ ಆಗಬೇಕೆಂದಿಲ್ಲ. ಇಂಗ್ಲೆಂಡಿನ ಥಾಮಸ್ ಕುಕ್ 1841ರಲ್ಲಿ ಒಂದು ಶಿಲ್ಲಿಂಗಿಗೆ ನೂರಾರು ಜನರನ್ನು ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದುಕೊಂಡು ಹೋಗಿ ಬಂದಾಗಿನಿಂದ ಪ್ರವಾಸದ ವ್ಯವಹಾರ ನಿಂತಿರುವುದೇ ಈ ಲೆಕ್ಕದ ಮೇಲೆ.

ಲೆಕ್ಕ ಇಷ್ಟೇ. ಇಬ್ಬರು ಪ್ರವಾಸಿಗರು ಬಂದರೆಂದು ಇಟ್ಟುಕೊಳ್ಳಿ. ಒಬ್ಬರಿಗೆ ಯಕ್ಷಗಾನದ ಹುಚ್ಚು. ಆಟಕ್ಕೆ 300 ರೂಪಾಯಿ ಕೊಟ್ಟಾರು, ಊಟಕ್ಕೆ 150ಕ್ಕಿಂತ ಹೆಚ್ಚು ಬಿಚ್ಚರು. ಇನ್ನೊಬ್ಬರು ಊಟದ ರಸಿಕರು. ಬಾಳೆಯೆಲೆಯ ಊಟಕ್ಕೆ 300 ಕೊಡಲು ತಯಾರು, ಆಟಕ್ಕೆ 150 ಸಾಕು ಅನ್ನುವವರು. ಎರಡಕ್ಕೂ ಬೇರೆಬೇರೆಯಾಗಿ 300ರ ದರ ಇಟ್ಟರೆ ಒಬ್ಬರು ಆಟ ಮಾತ್ರ ನೋಡುತ್ತಾರೆ, ಇನ್ನೊಬ್ಬರು ಊಟ ಮಾತ್ರ ಮಾಡುತ್ತಾರೆ. ಒಟ್ಟು ವಸೂಲಿ 600. ದರವನ್ನು 150ಕ್ಕೆ ಇಳಿಸಿದರೆ ಇಬ್ಬರೂ ಎರಡನ್ನೂ ಪಡೆಯುತ್ತಾರೆ, ಆದರೆ ವಸೂಲಿ ಪುನಃ 600. ಆಟ ಮತ್ತು ಊಟ ಸೇರಿಸಿ 450 ಎಂದು ಇಟ್ಟು ನೋಡಿ. ಇಬ್ಬರಿಗೂ ಅದು ಒಪ್ಪಿಗೆ. ವಸೂಲಿ 900. ಯಾರ ಜೇಬಿಗೂ ಅವರು ಒಪ್ಪಿದ್ದಕ್ಕಿಂತ ಹೆಚ್ಚಿನ ಭಾರ ಬೀಳಲಿಲ್ಲ. ಒಂದು ಊಟದ ಖರ್ಚು ಹೆಚ್ಚಾಯಿತು ನಿಜ. ಆದರೆ ಚೆಂಡೆ ಮದ್ದಳೆಯವರಿಗೆ ಒಬ್ಬರು ಕೂತರೂ ಅಷ್ಟೇ ಖರ್ಚು, ಇಬ್ಬರು ಕೂತರೂ ಅಷ್ಟೇ. ಖಾಲಿ ಕುರ್ಚಿ ತುಂಬಿದಷ್ಟೂ ಲಾಭ.

ಕೇರಳದಲ್ಲೇ ಇದಕ್ಕೆ ಉದಾಹರಣೆಗಳುಂಟು. ಅಲ್ಲಿನ ಸಾರಿಗೆ ನಿಗಮ 2021ರಲ್ಲಿ ಬಜೆಟ್ ಟೂರಿಸಂ ಎಂಬ ವಿಭಾಗ ತೆರೆದು, ತನ್ನ ಬಸ್ಸಿನ ಟಿಕೆಟಿನ ಜೊತೆ ದೋಣಿಯಾನ, ಹಡಗಿನ ವಿಹಾರಗಳನ್ನು ಸೇರಿಸಿ ಮಾರತೊಡಗಿತು. ಕುಮರಕಂನಲ್ಲಿ 2008ರ ಸುಮಾರಿಗೆ ಆರಂಭವಾದ ಹೊಣೆಗಾರಿಕೆಯ ಪ್ರವಾಸೋದ್ಯಮದಲ್ಲಿ ಹೋಟೆಲುಗಳಿಗೆ ತರಕಾರಿ ಕೊಡುವವರು ಊರಿನ ಕುಟುಂಬಶ್ರೀ ಹೆಂಗಸರೇ. ಹಗ್ಗ ಹೊಸೆಯುವುದು, ತೆಂಗಿನ ಗರಿ ಹೆಣೆಯುವುದನ್ನು ನೋಡಲಿಕ್ಕೂ ಜನ ದುಡ್ಡು ಕೊಡುತ್ತಾರೆ. ಕುಮರಕಂನಲ್ಲಿ ಆದದ್ದು ಕುಂಬಳೆಯಲ್ಲಿ ಯಾಕೆ ಆಗಬಾರದು?

ಒಂದು ದಿನದ ಕಟ್ಟು ಹೀಗಿರಬಹುದು: ಬೆಳಿಗ್ಗೆ ಮಂಗಳೂರಿನಿಂದ ವಾಹನ, ಮಂಜೇಶ್ವರದ ಗಿಳಿವಿಂಡು, ಅನಂತಪುರ, ಮಧೂರಿನ ಹತ್ತಿರ ಮನೆಯೂಟ, ಮಧ್ಯಾಹ್ನ ಸೀರೆಯ ಮಗ್ಗ, ಇಳಿಹೊತ್ತಿಗೆ ಬೇಕಲ. ಎರಡು ದಿನದ್ದಾದರೆ ರಾತ್ರಿ ಎರಡು ಗಂಟೆಯ ಯಕ್ಷಗಾನ ಪ್ರಸಂಗ ಅಥವಾ ಬೊಂಬೆಯಾಟ, ತೋಟದ ಮನೆಯಲ್ಲಿ ವಾಸ್ತವ್ಯ, ಬೆಳಿಗ್ಗೆ ನೀರುದೋಸೆ ತಿಂದು ಸುರಂಗ ನೋಡಲು ಗುಡ್ಡಕ್ಕೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಏನು ಮಾಡುವುದು ಎಂದು ಕೇಳಬೇಡಿ. ಮಳೆಗಾಲಕ್ಕೆ ತಾಳಮದ್ದಳೆ ಉಂಟಲ್ಲ! ಹೊರಗೆ ಧೋ ಎಂದು ಸುರಿಯುವ ಮಳೆ, ಒಳಗೆ ಅರ್ಥಗಾರಿಕೆ, ಬಿಸಿ ಪತ್ರೊಡೆ. ಕನ್ನಡ ಬಲ್ಲ ಬೆಂಗಳೂರಿನವರಿಗೆ ಇದಕ್ಕಿಂತ ಹೆಚ್ಚಿನದನ್ನು ಯಾವ ರೆಸಾರ್ಟು ಕೊಟ್ಟೀತು? ಮಳೆಗಾಲದಲ್ಲಿ ಖಾಲಿ ಬೀಳುವ ಕೋಣೆಗಳೂ ತುಂಬಿಯಾವು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಮೂಟೆ ಕಟ್ಟಿದರೆ ಆಗುವುದಿಲ್ಲ. ನಾಲ್ಕು ಎಚ್ಚರಿಕೆಗಳು ಬೇಕು.

ಮೊದಲನೆಯದು, ಬೇಡವಾದದ್ದನ್ನು ತುರುಕಬಾರದು. ಕಮಿಷನ್ ಆಸೆಗೆ ಪ್ರವಾಸಿಗರನ್ನು ಅಂಗಡಿಯಿಂದ ಅಂಗಡಿಗೆ ಎಳೆದುಕೊಂಡು ಹೋಗುವ ಗೈಡುಗಳಿಂದ ಎಷ್ಟು ಊರುಗಳ ಹೆಸರು ಕೆಟ್ಟಿಲ್ಲ! ಕಟ್ಟಿನಲ್ಲಿ ಏನೇನುಂಟು, ಯಾವುದಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದಿರಬೇಕು. ಬಿಡಿಯಾಗಿ ಬೇಕೆಂದವರಿಗೆ ಬಿಡಿಯಾಗಿಯೂ ಸಿಗಬೇಕು.

ಎರಡನೆಯದು, ದೇವರ ದರ್ಶನವನ್ನು ದರಪಟ್ಟಿಗೆ ಸೇರಿಸಬಾರದು. ವಾಹನಕ್ಕೆ, ಊಟಕ್ಕೆ, ವಿವರಿಸುವವರಿಗೆ ಬೆಲೆ ಇರಲಿ. ನಡೆಯೊಳಗಿನದು ಭಕ್ತರಿಗೂ ಕ್ಷೇತ್ರಕ್ಕೂ ಬಿಟ್ಟದ್ದು. ಸಮಯ, ಉಡುಪು, ಶಿಸ್ತುಗಳನ್ನು ಮೊದಲೇ ತಿಳಿಸಿದರೆ ಸಾಕು.

ಮೂರನೆಯದು, ಹಣದ ಹಂಚಿಕೆ. ಕಟ್ಟಿ ಮಾರುವ ವ್ಯವಹಾರದಲ್ಲಿ ಕಟ್ಟಿದವನು ಬೆಳೆದು ಕೊಟ್ಟವನು ಬಡವಾಗುವುದೇ ಹೆಚ್ಚು. 450ರಲ್ಲಿ ಕಲಾವಿದರಿಗೆಷ್ಟು, ಅಡುಗೆಯವರಿಗೆಷ್ಟು ಎಂಬುದು ಮೊದಲೇ ಕಾಗದದಲ್ಲಿರಬೇಕು. ಆಟವನ್ನು ‘ಉಚಿತ’ ಎಂದು ಜಾಹೀರಾತು ಮಾಡಿ ವೇಷಧಾರಿಗಳ ಸಂಭಾವನೆಗೆ ಕತ್ತರಿ ಹಾಕುವ ಬುದ್ಧಿವಂತಿಕೆ ಬೇಡ.

ನಾಲ್ಕನೆಯದು ತೆರಿಗೆ. 2017ರಿಂದ ಜಾರಿಯಲ್ಲಿರುವ ಜಿಎಸ್‌ಟಿ ಕಾನೂನಿನಲ್ಲಿ ಸಹಜವಾಗಿ ಒಟ್ಟಿಗೆ ಹೋಗುವ ಸೇವೆಗಳ ಕಟ್ಟಿಗೆ ಅದರ ಮುಖ್ಯ ಸೇವೆಯ ದರವೇ ಅನ್ವಯ. ಸಂಬಂಧವಿಲ್ಲದ್ದನ್ನು ಒಂದೇ ಬೆಲೆಗೆ ಸೇರಿಸಿದರೆ, ಅದರಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದು ಇಡೀ ಕಟ್ಟಿಗೇ ಬೀಳುತ್ತದೆ. ಆದ್ದರಿಂದ ಸೀರೆಯನ್ನು ಊಟದ ಟಿಕೆಟಿಗೆ ಗಂಟು ಹಾಕುವ ಮೊದಲು ಲೆಕ್ಕ ಬಲ್ಲವರನ್ನು ಕೇಳುವುದು ಕ್ಷೇಮ. ಮಗ್ಗವನ್ನು ತೋರಿಸಿ, ಸೀರೆಯನ್ನು ಅವರೇ ಇಷ್ಟಪಟ್ಟು ಬೇರೆ ಬಿಲ್ಲಿನಲ್ಲಿ ಕೊಳ್ಳಲಿ.

ಇದನ್ನು ಮಾಡುವವರು ಯಾರು? ತಿರುವನಂತಪುರ ಮಾಡಲಿ, ಬೆಂಗಳೂರು ಮಾಡಲಿ ಎಂದು ಎರಡೂ ಕಡೆ ಮುಖ ಮಾಡಿ ಕೂರುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಆದರೆ ನಮ್ಮಲ್ಲಿ ಊರೂರಿಗೆ ಸಹಕಾರಿ ಬ್ಯಾಂಕುಗಳುಂಟು, ಕುಟುಂಬಶ್ರೀ ಗುಂಪುಗಳುಂಟು, ಗ್ರಂಥಾಲಯಗಳುಂಟು, ಯಕ್ಷಗಾನ ಸಂಘಗಳುಂಟು. ಇವರಲ್ಲಿ ನಾಲ್ಕು ಜನ ಒಂದು ಮೇಜಿಗೆ ಕೂತು, ವಾರಕ್ಕೊಂದು ಶನಿವಾರವಾದರೂ ಸರಿ, ಒಂದು ವಾಹನ ಹೊರಡಿಸಲಿ. ಸರಕಾರಗಳನ್ನು ಕೇಳಬೇಕಾದದ್ದು ಸಣ್ಣ ಸಣ್ಣ ಸಂಗತಿಗಳು: ಕರ್ನಾಟಕದ ಪ್ರವಾಸೋದ್ಯಮ ಇಲಾಖೆ ಮಂಗಳೂರಿನ ತನ್ನ ಕರಪತ್ರದಲ್ಲಿ ನಮಗೂ ಒಂದು ಪುಟ ಕೊಡಲಿ, ಕೇರಳದ ಇಲಾಖೆ ಕನ್ನಡದಲ್ಲಿ ವಿವರಿಸಬಲ್ಲ ಸ್ಥಳೀಯ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡಲಿ.

ಕೊನೆಯದೇ ನಿಜವಾದ ಮಾತು. ಗಡಿಯಲ್ಲಿ ಕನ್ನಡ ಉಳಿಯಬೇಕು ಎಂದು ಸಭೆಗಳಲ್ಲಿ ಭಾಷಣ ಮಾಡುತ್ತ ಬಂದಿದ್ದೇವೆ. ಕನ್ನಡ ಕಲಿತು ಎಂತ ಸಿಗುತ್ತದೆ ಮಾರಾಯ್ರೇ ಎಂದು ಶಾಲೆಗೆ ಮಗುವನ್ನು ಸೇರಿಸಲು ಹೊರಟ ತಂದೆ ಕೇಳಿದರೆ ಭಾಷಣಕಾರರಲ್ಲಿ ಉತ್ತರವಿಲ್ಲ. ಶಿವಪ್ಪನಾಯಕನ ಕೋಟೆಯ ಕಥೆಯನ್ನು ಶಿವಮೊಗ್ಗದಿಂದ ಬಂದವರಿಗೆ ಅವರದೇ ಭಾಷೆಯಲ್ಲಿ ಹೇಳಿ, ಸಂಜೆ ಕೈಯಲ್ಲಿ ಸಂಬಳ ಹಿಡಿದು ಮನೆಗೆ ಹೋಗುವ ಹತ್ತು ಜನ ಯುವಕ ಯುವತಿಯರನ್ನು ತೋರಿಸಿದರೆ ಆ ತಂದೆಗೆ ಬೇರೆ ಉತ್ತರ ಬೇಕಾಗಲಿಕ್ಕಿಲ್ಲ.