ಕೆಂಪು ಕ್ಯಾಲಿಪರ್, ಬೋಳು ಟೈರು

ನಮ್ಮ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಒಂದು ಹ್ಯಾಚ್‌ಬ್ಯಾಕ್ ನಿಲ್ಲುತ್ತೆ. ಅಲಾಯ್ ವೀಲಿನ ಸಂದಿಯಿಂದ ಕೆಂಪು ಬಣ್ಣ ಬಳಿದ ಕ್ಯಾಲಿಪರ್ ಇಣುಕುತ್ತಿರುತ್ತೆ. ಅದರ ಯಜಮಾನ ನಮ್ಮದೇ ಟೀಮಿನ ಹುಡುಗ. ಹೋದ ತಿಂಗಳು ಊಟದ ಹೊತ್ತಿಗೆ ಘೋಷಣೆ ಮಾಡಿದ: "ಸೆರಾಮಿಕ್ ಪ್ಯಾಡ್ ಹಾಕಿಸ್ದೆ ಗುರೂ. ನೂರರಲ್ಲಿ ಹೋಗ್ತಿದ್ರೂ ಕಚ್ಕೊಂಡು ನಿಲ್ಲುತ್ತೆ." ಆಮೇಲೆ ಎಲ್ಲರನ್ನೂ ಕೆಳಗೆ ಕರ್ಕೊಂಡು ಹೋಗಿ ತೋರಿಸಿದ. ಎಲ್ಲರೂ ಕ್ಯಾಲಿಪರ್ ನೋಡಿದರು. ನಾನು ಬಗ್ಗಿ ಟೈರು ನೋಡಿದೆ. ಮುಂದಿನ ಎರಡೂ ಟೈರು ನಮ್ಮ ಮಾವನ ತಲೆಯ ಹಾಗೆ ನುಣ್ಣಗಿದ್ದವು.

ಅವನನ್ನು ಬಯ್ಯೋಕೆ ಇದನ್ನು ಬರೀತಿಲ್ಲ. ಅವನಿಗೆ ಪ್ಯಾಡ್ ಮಾರಿದ ಜಾಹೀರಾತನ್ನು, ಅದನ್ನು ನಂಬುವ ನಮ್ಮೆಲ್ಲರ ಬುದ್ಧಿಯನ್ನು ಬಯ್ಯೋಕೆ ಬರೀತಿದೀನಿ. "ಸ್ಟಾಪಿಂಗ್ ಪವರ್" ಅನ್ನೋದು ಡಬ್ಬಿಯಲ್ಲಿ ಸಿಗುವ ವಸ್ತು, ನಾಲ್ಕೈದು ಸಾವಿರ ಕೊಟ್ಟರೆ ಕಾರಿಗೆ ಅಂಟಿಸ್ಕೋಬಹುದು ಅಂತ ನಾವು ನಂಬಿಬಿಟ್ಟಿದೀವಿ. ಇದು ಸುಳ್ಳು. ಬರೀ ಸುಳ್ಳಾಗಿದ್ದರೆ ದುಡ್ಡು ಹೋಯ್ತು ಅಂತ ಬಿಡಬಹುದಿತ್ತು. ಇದು ಅಪಾಯದ ಸುಳ್ಳು.

ಜೆ.ಸಿ. ರೋಡ್ ಹತ್ತಿರ ನಾನು ಗಾಡಿ ಬಿಡುವ ಗ್ಯಾರೇಜಿನ ಭಾಯ್ ಇದನ್ನು ಒಂದೇ ಮಾತಲ್ಲಿ ಹೇಳಿದ್ರು: "ಸಾರ್, ಪ್ಯಾಡು ಚಕ್ರ ನಿಲ್ಸುತ್ತೆ. ಗಾಡಿ ನಿಲ್ಸೋದು ಟೈರು." ಪಿಯುಸಿ ಫಿಸಿಕ್ಸಲ್ಲಿ ನೂರಕ್ಕೆ ತೊಂಬತ್ತು ತಗೊಂಡ ನಮಗೆ ಇದು ಯಾಕೆ ಹೊಳೆಯಲಿಲ್ಲ? ಕಾರು ಡಾಂಬರನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಸುಮಾರು ಒಂದು ಅಂಗೈಯಷ್ಟು ಜಾಗ. ಪ್ಯಾಡ್ ಎಷ್ಟೇ ಬಿಗಿಯಾಗಿ ಡಿಸ್ಕನ್ನು ಹಿಡಿದರೂ ಆ ಅಂಗೈಯಷ್ಟು ರಬ್ಬರಿನ ಹಿಡಿತ ಮೀರಿದರೆ ಚಕ್ರ ಜಾರುತ್ತೆ, ಅಷ್ಟೇ.

ಪರೀಕ್ಷೆ ಸುಲಭ. 2019ರ ಏಪ್ರಿಲ್‌ನಿಂದ ಈಚೆಗೆ ಮಾರಿದ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಕಡ್ಡಾಯ. ಖಾಲಿ, ಒಣ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ 50ರಲ್ಲಿ ಹೋಗಿ ಬ್ರೇಕನ್ನು ಪೂರ್ತಿ ಒತ್ತಿ ನೋಡಿ. ಕಾಲಡಿ ಪೆಡಲ್ ಕಟಕಟ ಅಂತ ನಡುಗಿತಾ? ಹಾಗಾದರೆ ನಿಮ್ಮ ಈಗಿನ ಪ್ಯಾಡು ಟೈರಿನ ಹಿಡಿತಕ್ಕಿಂತ ಹೆಚ್ಚೇ ಒತ್ತುತ್ತಿದೆ, ಎಬಿಎಸ್ ಅದನ್ನು ತಡೀತಿದೆ. ಇನ್ನೂ ಜೋರಾಗಿ ಕಚ್ಚುವ ಪ್ಯಾಡ್ ಹಾಕಿದರೆ ಎಬಿಎಸ್ ಇನ್ನೂ ಬೇಗ ತಡೆಯುತ್ತೆ. ಗಾಡಿ ನಿಲ್ಲುವ ದೂರ ಕಮ್ಮಿಯಾಗಲ್ಲ. ಪೆಡಲ್ ಮುಟ್ಟಿದ ತಕ್ಷಣ ತಲೆ ಮುಂದಕ್ಕೆ ಬಾಗುತ್ತೆ ನೋಡಿ, ಅದನ್ನೇ ನಾವು "ಪವರ್" ಅಂದ್ಕೊಳ್ತೀವಿ.

ಈಗ ಆ "ನೂರರಲ್ಲಿ ಹೋಗ್ತಿದ್ರೂ" ಲೆಕ್ಕ. ಒಳ್ಳೇ ಟೈರು, ಒಣ ರಸ್ತೆ ಇದ್ದರೆ 80ರಿಂದ ಸೊನ್ನೆಗೆ ಬರಲು ಸುಮಾರು 30 ಮೀಟರ್ ಬೇಕು. ನೂರರಿಂದ ಸುಮಾರು 50. ವೇಗ ಕಾಲು ಭಾಗ ಏರಿದರೆ ದೂರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಇದು ಬ್ರೇಕ್ ಒತ್ತಿದ ಮೇಲಿನ ಲೆಕ್ಕ. ಮ್ಯಾಪಿನಿಂದ ಕಣ್ಣೆತ್ತಿ ಕಾಲನ್ನು ಬ್ರೇಕಿಗೆ ತರುವ ಒಂದು ಸೆಕೆಂಡಿನಲ್ಲಿ ಗಾಡಿ ಆಗಲೇ 28 ಮೀಟರ್ ಮುಂದೆ ಹೋಗಿರುತ್ತೆ. ಆ 28 ಮೀಟರನ್ನು ಕಮ್ಮಿ ಮಾಡುವ ಪ್ಯಾಡನ್ನು ಇನ್ನೂ ಯಾರೂ ಮಾಡಿಲ್ಲ.

ಹೌದು, ನಾನೂ ಇದೇ ಪಂಗಡದವನು. ಆರು ವರ್ಷದ ಹಳೇ ಸೆಡಾನ್‌ಗೆ "ಪರ್ಫಾರ್ಮೆನ್ಸ್" ಪ್ಯಾಡ್ ಹಾಕಿಸಿಕೊಂಡು, ಎರಡು ತಿಂಗಳಲ್ಲಿ ಅಪ್ಪ ಅಮ್ಮನನ್ನು ಧರ್ಮಸ್ಥಳಕ್ಕೆ ಕರ್ಕೊಂಡು ಹೊರಟೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದೆ. ಹೊಸ ಪ್ಯಾಡಿನ ಧೈರ್ಯ ನೋಡಿ, ಗೇರ್ ಇಳಿಸದೆ ನಾಲ್ಕರಲ್ಲೇ, ಪ್ರತಿ ತಿರುವಿಗೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀತಿದ್ದೆ. ಅರ್ಧ ಘಾಟಿ ಆಗಿತ್ತು. ಒಂದು ತಿರುವಿಗೆ ಮುಂಚೆ ಪೆಡಲ್ ಒತ್ತಿದರೆ ಸ್ಪಂಜ್ ಒತ್ತಿದ ಹಾಗೆ ಒಳಗೆ ಹೋಯಿತು. ಕಾಲು ನೆಲಕ್ಕೆ ಮುಟ್ಟಿತು, ಗಾಡಿ ಓಡ್ತಾನೇ ಇತ್ತು. ಮೂರು, ಎರಡು ಅಂತ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಲ್ಲಿಸಿದೆ. ಅಪ್ಪ ಏನೂ ಬಯ್ಯಲಿಲ್ಲ. ಇಳಿದು, ಕಲ್ಲೊಂದನ್ನು ತಂದು ಚಕ್ರದ ಮುಂದೆ ಇಟ್ಟು, "ಸ್ವಲ್ಪ ಹೊತ್ತು ಕೂತ್ಕೊಳಪ್ಪ" ಅಂದ್ರು. ನನ್ನ ಕೈ ನಡುಗುವುದು ನಿಂತದ್ದು ಅರ್ಧ ಗಂಟೆ ಆದ ಮೇಲೆ.

ತಪ್ಪು ಪ್ಯಾಡಿನದ್ದಲ್ಲ. ಅದು ಬಿಸಿಯನ್ನು ತಡ್ಕೊಂಡಿತ್ತು. ತಡ್ಕೊಳ್ಳದೇ ಇದ್ದದ್ದು ಬ್ರೇಕ್ ಆಯಿಲ್, ಆರು ವರ್ಷದಲ್ಲಿ ಒಂದು ಸಲವೂ ನಾನು ಬದಲಾಯಿಸದೇ ಇದ್ದ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ ಇವು 230 ಮತ್ತು 155. ಕುದ್ದರೆ ಪೈಪಿನಲ್ಲಿ ಆವಿ. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತೆ. ಪೆಡಲ್ ನೆಲ ಮುಟ್ಟೋದು ಅದಕ್ಕೇ. ನಾನು ಸಾವಿರಗಟ್ಟಲೆ ಪ್ಯಾಡಿಗೆ ಸುರಿದು, ಕೆಲವೇ ನೂರು ರೂಪಾಯಿಯ ಆಯಿಲ್ ಮರೆತಿದ್ದೆ. ಅದಕ್ಕಿಂತ ದೊಡ್ಡ ತಪ್ಪು, ಹೊಸ ಪ್ಯಾಡ್ ಇದೆ ಅಂತಲೇ ನಾನು ಜೋರಾಗಿ ಇಳಿದದ್ದು. ಹಳೇ ಪ್ಯಾಡ್ ಇದ್ದಿದ್ದರೆ ಎರಡನೇ ಗೇರಲ್ಲಿ ಹೆದರ್ಕೊಂಡು ಇಳೀತಿದ್ದೆ.

"ಹಾಗಾದ್ರೆ ಶೋರೂಮಿನವರು ಹೇಳಿದ ರೇಟಿಗೆ ಕಂಪನಿ ಪ್ಯಾಡೇ ಹಾಕಿಸ್ಕೊಂಡು ಕೂರ್ಬೇಕಾ?" ಅಂತ ಕೇಳ್ತೀರಿ. ಖಂಡಿತ ಬೇಡ. ಕಾರ್ ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ತಯಾರಿಸಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಡಬ್ಬಿಗೆ ಹಾಕ್ತಾರೆ. ಅದೇ ತಯಾರಕರ ಪ್ಯಾಡು ಅವರದೇ ಹೆಸರಲ್ಲಿ ಹೊರಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಹೊರಗಿನ ಪ್ಯಾಡ್ ಅಂದ ಮಾತ್ರಕ್ಕೆ ಕಳಪೆ ಅಲ್ಲ, "ಪರ್ಫಾರ್ಮೆನ್ಸ್" ಅಂದ ಮಾತ್ರಕ್ಕೆ ಶ್ರೇಷ್ಠವೂ ಅಲ್ಲ. ಯುರೋಪಿನ ಆರ್ 90 ನಿಯಮ ನೋಡಿ: ಬದಲಿ ಪ್ಯಾಡಿನ ಕೆಲಸ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಆಗಕೂಡದು. ಕಮ್ಮಿಯೂ ಕೂಡದು, ಜಾಸ್ತಿಯೂ ಕೂಡದು. ಯಾಕಂದ್ರೆ ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನೋ ಸಮತೋಲನ ಹಾಕಿಯೇ ಕಾರು ಮಾಡಿರ್ತಾರೆ. ಮುಂದಿನ ಡಿಸ್ಕಿಗೆ ಮಾತ್ರ ಹುಲಿಯಂಥ ಪ್ಯಾಡ್ ಹಾಕಿ, ಹಿಂದೆ ಹಳೇ ಡ್ರಮ್ಮನ್ನೇ ಬಿಟ್ಟರೆ ಆ ಲೆಕ್ಕ ಕೆಡುತ್ತೆ.

ಹಾಗಂತ ಎಲ್ಲ ಪ್ಯಾಡೂ ಒಂದೇ ಅಲ್ಲ. ಆರ್ಗ್ಯಾನಿಕ್ ಪ್ಯಾಡು ಮೆತ್ತಗೆ, ಸದ್ದಿಲ್ಲ, ಬೇಗ ಸವೆಯುತ್ತೆ. ಸೆಮಿ ಮೆಟಾಲಿಕ್ ಬಿಸಿ ತಡೆಯುತ್ತೆ, ಕಿರುಗುಟ್ಟುತ್ತೆ, ಡಿಸ್ಕನ್ನೂ ಸ್ವಲ್ಪ ತಿನ್ನುತ್ತೆ. ಸೆರಾಮಿಕ್‌ನ ನಿಜವಾದ ಗುಣ ಸದ್ದು ಕಮ್ಮಿ, ಅಲಾಯ್ ಮೇಲೆ ಕಪ್ಪು ಧೂಳು ಕಮ್ಮಿ. "ಕಚ್ಕೊಂಡು ನಿಲ್ಲೋದು" ಅದರ ಜಾತಕದಲ್ಲಿ ಬರೆದಿಲ್ಲ. ರೇಸಿಂಗ್ ಪ್ಯಾಡಂತೂ ಬಿಸಿಯಾಗದೆ ಕೆಲಸವೇ ಮಾಡಲ್ಲ; ಬೆಳಗ್ಗೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಶಾಲೆ ಬಸ್ಸಿಗೆ ಓಡುವ ಮಗುವಿನ ಮುಂದೆ ಹಾಕುವ ಮೊದಲ ಬ್ರೇಕು ತಣ್ಣಗೇ ಇರುತ್ತೆ, ನೆನಪಿರಲಿ.

ಹಲವು ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಘರ್ಷಣೆ ಎಷ್ಟು ಅಂತ, ಎರಡನೆಯದು ಕಾದು ಕೆಂಡವಾದಾಗ ಎಷ್ಟು ಅಂತ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಡಬ್ಬಿಯ ಮೇಲಿನ ಬೆಂಕಿಯ ಚಿತ್ರಕ್ಕಿಂತ ಈ ಎರಡು ಅಕ್ಷರ ಹೆಚ್ಚು ನಿಜ ಹೇಳುತ್ತೆ. ಪದೇ ಪದೇ ಘಾಟಿ ಇಳಿಯುವವರು, ಐದು ಜನ ಮತ್ತು ಲಗೇಜ್ ತುಂಬಿಕೊಂಡು ಊರಿಗೆ ಹೋಗುವವರು ಬಿಸಿ ತಡೆಯುವ ಪ್ಯಾಡ್ ಹುಡುಕಿದರೆ ಅದರಲ್ಲಿ ಅರ್ಥ ಇದೆ. ಸಿಲ್ಕ್ ಬೋರ್ಡಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ತೆವಳುವವರಿಗೆ ಅದರಿಂದ ಏನು ಬಂತು?

ಆದ್ದರಿಂದ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ರೆ ಈ ಕ್ರಮದಲ್ಲಿ ಮಾಡಿ. ಮೊದಲು ಟೈರು: ಗೆರೆಯ ಆಳ 1.6 ಮಿಲಿಮೀಟರ್‌ಗೆ ಬಂದರೆ ಕಾನೂನಿನ ಪ್ರಕಾರವೂ ಅದರ ಆಯುಸ್ಸು ಮುಗೀತು, ಮಳೆಗಾಲಕ್ಕೆ ಅಲ್ಲೀವರೆಗೂ ಕಾಯಬೇಡಿ. ಆಮೇಲೆ ಬ್ರೇಕ್ ಆಯಿಲ್, ಎರಡು ವರ್ಷಕ್ಕೊಮ್ಮೆ. ಮೂರನೆಯದು, ಈಗಿರುವ ಪ್ಯಾಡ್ 3 ಮಿಲಿಮೀಟರ್‌ಗೆ ಸವೆದಿದೆಯಾ, ಡಿಸ್ಕ್ ಗೆರೆ ಬಿದ್ದಿದೆಯಾ, ಹಿಂದಿನ ಡ್ರಮ್ ಸರಿಯಾಗಿದೆಯಾ ಅಂತ ಬಿಚ್ಚಿ ನೋಡಿಸಿ. ಇಷ್ಟೆಲ್ಲ ಆದ ಮೇಲೆ ಪ್ಯಾಡಿನ ಬ್ರ್ಯಾಂಡ್ ಚರ್ಚೆ ಮಾಡೋಣ. ಹೊಸ ಪ್ಯಾಡ್ ಹಾಕಿದ ದಿನವೇ ಹೆದ್ದಾರಿಗೆ ಹಾರಬೇಡಿ. ಅದು ಡಿಸ್ಕಿನ ಮೇಲೆ ಕೂರೋಕೆ ಸ್ವಲ್ಪ ಓಡಾಟ ಬೇಕು.

ಇದರಲ್ಲಿ ಯಾವುದೂ ಪಾರ್ಕಿಂಗಿನಲ್ಲಿ ತೋರಿಸೋಕಾಗಲ್ಲ, ಗೊತ್ತು. ಹೊಸ ಬ್ರೇಕ್ ಆಯಿಲ್ ನೋಡಿ "ಸೂಪರ್ ಮಚ್ಚಾ" ಅಂತ ಯಾರೂ ಅನ್ನಲ್ಲ. ಆದರೆ ಕಾರಿನಲ್ಲಿ ಎಸಿ, ಸೀಟು, ಮ್ಯೂಸಿಕ್ ಎಲ್ಲ ನಮಗಾಗಿ ಇರೋದು. ಬ್ರೇಕು ಮಾತ್ರ ಮುಂದೆ ರಸ್ತೆ ದಾಟುತ್ತಿರುವವರಿಗೂ ಸೇರಿದ್ದು. ಅವರಿಗೆ ನಮ್ಮ ಕ್ಯಾಲಿಪರ್ ಯಾವ ಬಣ್ಣದ್ದಾದರೇನು?

ಟೀಮಿನ ಹುಡುಗನಿಗೆ ಟೈರಿನ ಮಾತು ಹೇಳಿದೆ. "ಮುಂದಿನ ಸಂಬಳಕ್ಕೆ ನೋಡೋಣ" ಅಂದ. ಸಂಬಳ ಬರೋಕೆ ಇನ್ನೂ ಹದಿನೆಂಟು ದಿನ ಇತ್ತು. ಹೊರಗೆ ಮಳೆ ಶುರುವಾಗಿತ್ತು.